ಕಲಘಟಗಿಯನ್ನು ಅಳೆದದ್ದು ಹೇಗೆ?

ಹುಬ್ಬಳ್ಳಿಯಿಂದ ಅಂಕೋಲಾ ಕಡೆ ಹೊರಟರೆ ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ಶುರುವಾಗುವಲ್ಲಿ ಕಲಘಟಗಿ ಸಿಗುತ್ತದೆ. ಬಣ್ಣದ ತೊಟ್ಟಿಲಿಗೆ ಹೆಸರಾದ ಊರು. ಜಿಲ್ಲೆಯ ಸರಾಸರಿ ತೆಗೆದರೆ ಹುಬ್ಬಳ್ಳಿ–ಧಾರವಾಡದ ಕಾಲೇಜು, ಆಸ್ಪತ್ರೆ, ಬ್ಯಾಂಕುಗಳ ಲೆಕ್ಕದಲ್ಲಿ ಈ ತಾಲ್ಲೂಕಿನ ಕೊರತೆ ಮುಚ್ಚಿಹೋಗುತ್ತದೆ. ಅದನ್ನು ಬಿಡಿಸಿ ತೋರಿಸಿದ್ದು ಉತ್ತರ ಕರ್ನಾಟಕದ ಪ್ರತಿ ಭಾಷಣದಲ್ಲೂ ಕೇಳಿಬರುವ ‘ನಂಜುಂಡಪ್ಪ ವರದಿ’.

ಎಸ್.ಎಂ. ಕೃಷ್ಣ ಸರ್ಕಾರ 2000ದಲ್ಲಿ ಅರ್ಥಶಾಸ್ತ್ರಜ್ಞ ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. 2002ರಲ್ಲಿ ವರದಿ ಬಂತು. ಆಗಿದ್ದ 175 ತಾಲ್ಲೂಕುಗಳನ್ನು 35 ಸೂಚಕಗಳಲ್ಲಿ ತೂಗಿ, ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿದ್ದ 114 ತಾಲ್ಲೂಕುಗಳನ್ನು ಹಿಂದುಳಿದವು ಎಂದರು. ಕಲಘಟಗಿ ಆ ಪಟ್ಟಿಯಲ್ಲಿತ್ತು. ಪಟ್ಟಿಯ ಬೆನ್ನಿಗೆ ದುಡ್ಡಿನ ಮಾತೂ ಇತ್ತು: ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿ. ವಿಶೇಷ ಅಭಿವೃದ್ಧಿ ಯೋಜನೆ ಶುರುವಾಗುವಾಗ 2007–08 ಬಂದಿತ್ತು. ಸರ್ಕಾರಿ ಗಡಿಯಾರ ಅಲ್ಲವೇ!

ಆ ಸೂಚಕಗಳಲ್ಲಿ ಹೆಕ್ಟೇರಿಗೆ ಎಷ್ಟು ಕಿಲೊ ರಸಗೊಬ್ಬರ, ಎಷ್ಟು ಜಮೀನಿಗೆ ನೀರಾವರಿ ಎಂಬವೂ ಇದ್ದವು. ಹೆಚ್ಚು ಗೊಬ್ಬರ ಸುರಿದರೆ ಹೆಚ್ಚು ಅಂಕ. ಬೋರ್‌ವೆಲ್ ಕೊರೆಸಿ ಅಂತರ್ಜಲ ಬರಿದು ಮಾಡಿದರೂ ನೀರಾವರಿ ಲೆಕ್ಕ ಏರುತ್ತದೆ. ಅಂದಿನ ಅಭಿವೃದ್ಧಿಯ ಕಲ್ಪನೆಯೇ ಹಾಗಿತ್ತು. ನಂಜುಂಡಪ್ಪನವರೊಬ್ಬರನ್ನೇ ದೂರುವುದು ಸಲ್ಲ.

ನೆಲ–ಜಲದ ಬಾಳಿಕೆಯನ್ನೂ ಅಳೆಯಬೇಕೆಂಬ ಮಾತು 1992ರ ರಿಯೊ ಶೃಂಗಸಭೆಯಲ್ಲೇ ಎದ್ದಿತ್ತು. 2015ರಲ್ಲಿ ವಿಶ್ವಸಂಸ್ಥೆ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿತು. 2018ರಲ್ಲಿ ನೀತಿ ಆಯೋಗ ರಾಜ್ಯಗಳಿಗೆ ಅಂಕ ಕೊಡಲು ಆರಂಭಿಸಿತು. ಅದರ 2020–21ರ ಸೂಚ್ಯಂಕದಲ್ಲಿ ಅಂತರ್ಜಲದ ಅತಿಬಳಕೆಗೆ ಅಂಕ ಕಡಿಮೆ. ಇದು ದೊಡ್ಡ ತಿರುವು. ಆದರೆ ಅಲ್ಲಿ ಕರ್ನಾಟಕಕ್ಕೆ ಒಂದೇ ಅಂಕ: 2020–21ರಲ್ಲಿ 72, 2023–24ರಲ್ಲಿ 75. ಕಲಘಟಗಿ ಮತ್ತೆ ಸರಾಸರಿಯೊಳಗೆ ಕಾಣೆ.

ಅಂಕ ಏರಿತೆಂದು ಬೆಂಗಳೂರು ಬೀಗುವುದರಿಂದ ಇಲ್ಲಿನ ಕೆರೆ ತುಂಬುವುದಿಲ್ಲ. ಪ್ರಾದೇಶಿಕ ಅಸಮತೋಲನವನ್ನು ಹೊಸದಾಗಿ ಅಳೆಯಲು 2024ರಲ್ಲಿ ಪ್ರೊ. ಎಂ. ಗೋವಿಂದರಾವ್ ಸಮಿತಿ ನೇಮಕವಾಯಿತು. ಅಂತರ್ಜಲದ ಅಂದಾಜು ನಮ್ಮಲ್ಲಿ ಈಗಾಗಲೇ ತಾಲ್ಲೂಕುವಾರು ಸಿಗುತ್ತದೆ. ಅನುದಾನ ಹಂಚುವ ಸೂಚ್ಯಂಕದಲ್ಲಿ ರಸ್ತೆ, ಶಾಲೆ, ಆಸ್ಪತ್ರೆಯ ಜೊತೆಗೆ ಅದನ್ನೂ ಸರ್ಕಾರ ಸೇರಿಸಲಿ.