ಬಿಸಿಲಿಗೆ ಬದಲಾಗದ ರೋಧ

ಕೃಷ್ಣಾ ನದಿಯ ದಡದ ಶಕ್ತಿನಗರದಲ್ಲಿ 1985ರಿಂದ ವಿದ್ಯುತ್ ಉತ್ಪಾದಿಸುತ್ತಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಇಂದು ಎಂಟು ಘಟಕಗಳ, 1,720 ಮೆಗಾವಾಟ್ ಸಾಮರ್ಥ್ಯದ ಸ್ಥಾವರವಾಗಿ ನಾಡಿಗೆಲ್ಲ ಪರಿಚಿತ. ಆದರೆ ರಾಯಚೂರು, ಮಾನ್ವಿ, ದೇವದುರ್ಗಗಳ ಮನೆಗಳಿಗೆ ಜೆಸ್ಕಾಂ ಪೂರೈಸುವ ವಿದ್ಯುತ್ತನ್ನು ಅಳೆಯಲು ನೆರವಾಗುವ ಪುಟ್ಟ ಲೋಹದ ಪಟ್ಟಿಯ ಪರಿಚಯ ಹೆಚ್ಚಿನ ಗ್ರಾಹಕರಿಗಿಲ್ಲ. ಸಿಂಗಲ್ ಫೇಸ್ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಸಾಮಾನ್ಯವಾಗಿ ಇರುವ ಈ ನಿಖರ ರೋಧಕಕ್ಕೆ ಷಂಟ್ ಎಂದು ಹೆಸರು.

ಇದರ ಕೆಲಸಕ್ಕೆ ಓಮ್‌ನ ನಿಯಮವೇ ಆಧಾರ: ರೋಧ ಎಷ್ಟೆಂದು ಮೊದಲೇ ಗೊತ್ತಿದ್ದರೆ, ಅದರ ಎರಡು ತುದಿಗಳ ನಡುವಿನ ವೋಲ್ಟೇಜನ್ನು ಅಳೆದು ಹರಿಯುತ್ತಿರುವ ಕರೆಂಟನ್ನು ಲೆಕ್ಕ ಹಾಕಬಹುದು. ಷಂಟಿನ ರೋಧ ಒಂದು ಓಮ್‌ನ ಹತ್ತು ಸಾವಿರದಲ್ಲಿ ಮೂರು ಭಾಗವೆಂದಿಟ್ಟುಕೊಂಡರೆ, 10 ಆಂಪಿಯರ್ ಹರಿದಾಗ ಸಿಗುವುದು ಕೇವಲ 3 ಮಿಲಿವೋಲ್ಟ್. ರೋಧ ಹೆಚ್ಚಿದ್ದರೆ ಅಳತೆ ಸುಲಭವಾಗುತ್ತಿತ್ತು, ಆದರೆ ಪಟ್ಟಿಯೇ ಕಾದು ವಿದ್ಯುತ್ ವ್ಯರ್ಥವಾಗುತ್ತಿತ್ತು. ಇಷ್ಟು ಅಲ್ಪ ರೋಧಕ್ಕೆ ಸ್ಕ್ರೂ ಬಿಗಿದ ಜಾಗದ ರೋಧವೂ ಸೇರಿದರೆ ಲೆಕ್ಕ ತಪ್ಪುವುದರಿಂದ, ಕರೆಂಟ್ ಹರಿಯಲು ದಪ್ಪ ತಾಮ್ರದ ತುದಿಗಳನ್ನೂ ವೋಲ್ಟೇಜ್ ಅಳೆಯಲು ಪಟ್ಟಿಗೆ ತೀರ ಹತ್ತಿರದಲ್ಲಿ ಬೆಸೆದ ಪ್ರತ್ಯೇಕ ತಂತಿಗಳನ್ನೂ ಕೊಟ್ಟಿರುತ್ತಾರೆ.

ರಾಯಚೂರಿನಂತಹ ಬಿಸಿಲ ಸೀಮೆಯಲ್ಲಿ ನಿಜವಾದ ಸವಾಲು ಶಾಖದ್ದು. ಬೇಸಿಗೆಯಲ್ಲಿ ಇಲ್ಲಿನ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಗೋಡೆಯ ಮೇಲಿನ ಮೀಟರಿನ ಒಳಭಾಗ ಅದಕ್ಕಿಂತಲೂ ಕಾಯುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿಗೆ ಸುಮಾರು ಶೇ. 0.39ರಷ್ಟು ಏರುವುದರಿಂದ, 20 ಡಿಗ್ರಿಯಲ್ಲಿ ಹೊಂದಿಸಿದ ಅಪ್ಪಟ ತಾಮ್ರದ ಷಂಟ್ 50 ಡಿಗ್ರಿಯಲ್ಲಿ ಸುಮಾರು ಶೇ. 12ರಷ್ಟು ಹೆಚ್ಚು ತೋರಿಸುತ್ತದೆ. ಅಂಥ ಶಾಖದಲ್ಲೇ 180 ಯೂನಿಟ್ ಬಳಸಿದ ಮನೆಯ ಲೆಕ್ಕ 200 ದಾಟಿಬಿಡುತ್ತದೆ. ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ವಿದ್ಯುತ್ತಿನ ಗರಿಷ್ಠ ಮಿತಿ 200 ಯೂನಿಟ್ ಆಗಿರುವಾಗ, ಇಂತಹ ತಪ್ಪಿನ ಭಾರ ಬಡ ಕುಟುಂಬಗಳ ಮೇಲೇ ಬೀಳುತ್ತದೆ.

ಇದಕ್ಕೆ ಪರಿಹಾರ ಒದಗಿಸಿದ್ದು ಎಡ್ವರ್ಡ್ ವೆಸ್ಟನ್ 1892ರಲ್ಲಿ ರೂಪಿಸಿದ ಮ್ಯಾಂಗನಿನ್ ಎಂಬ ಮಿಶ್ರಲೋಹ. ಸುಮಾರು ಶೇ. 84 ತಾಮ್ರ, ಶೇ. 12 ಮ್ಯಾಂಗನೀಸ್ ಮತ್ತು ಉಳಿದಂತೆ ನಿಕ್ಕಲ್ ಇರುವ ಈ ಲೋಹದ ರೋಧ, ಅದೇ 30 ಡಿಗ್ರಿ ಏರಿಕೆಗೆ ಶೇ. 0.1ರಷ್ಟೂ ಬದಲಾಗುವುದಿಲ್ಲ.

ಷಂಟ್ ನೇರವಾಗಿ ವಿದ್ಯುತ್ ಮಾರ್ಗದಲ್ಲೇ ಕೂರುವುದರಿಂದ, ಫೇಸುಗಳನ್ನು ಪರಸ್ಪರ ಬೇರ್ಪಡಿಸಿ ಅಳೆಯಬೇಕಾದ ತ್ರೀ ಫೇಸ್ ಮೀಟರುಗಳಲ್ಲಿ ಹೆಚ್ಚಾಗಿ ಕರೆಂಟ್ ಟ್ರಾನ್ಸ್‌ಫಾರ್ಮರುಗಳನ್ನು ಬಳಸುತ್ತಾರೆ. ಯಾವ ವಿಧಾನವಾದರೂ, ಅಳತೆಯ ನಿಖರತೆ ತಂತ್ರಜ್ಞರ ವಿಷಯವಷ್ಟೇ ಅಲ್ಲ, ಗ್ರಾಹಕರಿಗೆ ಸಲ್ಲಬೇಕಾದ ನ್ಯಾಯವೂ ಹೌದು. ಆದ್ದರಿಂದ ಲೆಕ್ಕದಲ್ಲಿ ಸಂಶಯ ಬಂದವರು ನಿಗದಿತ ಶುಲ್ಕ ಕಟ್ಟಿ ಮೀಟರಿನ ಪರೀಕ್ಷೆಗೆ ಅರ್ಜಿ ಸಲ್ಲಿಸುವ ಹಕ್ಕನ್ನು ಹಿಂಜರಿಯದೆ ಬಳಸಿಕೊಳ್ಳಬೇಕು.