ಸುದ್ದಿ ಹುಡುಕಿ ಅಲೆಯಬೇಡಿ, ಚಂದಾ ಹಾಕಿ ತರಿಸಿ

ಕಳೆದ ವರ್ಷ ಆಗಸ್ಟ್ ಕೊನೆಗೆ ಎರಡೆಕರೆ ಹೆಸರು ಕಿತ್ತು ಹೊಲದಲ್ಲೇ ಕುಪ್ಪೆ ಹಾಕಿದ್ದೆ. ಅಂದು ರಾತ್ರಿಯೇ ಮಳೆ ಹೊಡೆಯಿತು. ಮೂರು ದಿನ ಬಿಸಿಲು ಬೀಳಲಿಲ್ಲ. ಕಾಯಿಯೊಳಗೇ ಕಾಳು ಮೊಳಕೆ ಒಡೆದವು. ಐದು ಚೀಲ ಆಗಬೇಕಾದಲ್ಲಿ ಕೈಗೆ ಬಂದದ್ದು ಒಂದೂವರೆ ಚೀಲ, ಅದೂ ಕಪ್ಪು.

ಮಳೆ ಬರುವ ಸೂಚನೆ ಹಿಂದಿನ ದಿನವೇ ನನ್ನ ಮೊಬೈಲಿಗೆ ಬಂದಿತ್ತು! ವಾಟ್ಸಾಪ್ ಗುಂಪಿನಲ್ಲಿ ಶುಭೋದಯ, ಹುಟ್ಟುಹಬ್ಬ, ಜಾತ್ರೆ ಚಿತ್ರಗಳ ಅಡಿ ಅದು ಮುಚ್ಚಿಹೋಗಿತ್ತು. ಕಸದಾಗ ಕಾಳು ಬಿದ್ದಂಗ. ನಮ್ಮದು ಶಹಾಪುರ–ಸುರಪುರ ನಡುವಿನ ಒಣಬೇಸಾಯ, ಮಳೆಯೇ ಗತಿ. ಒಂದು ಸುದ್ದಿ ತಪ್ಪಿದರೆ ಒಂದು ಬೆಳೆ ತಪ್ಪಿದಂತೆ.

ಫೀಡ್ ಎಂದರೇನು?

ಕಾಲೇಜು ಓದುವ ಮಗಳಿಗೆ ಹೇಳಿದೆ. "ಅಪ್ಪಾ, ಇದು ಪತ್ರಿಕೆಗಿ ಚಂದಾ ಕಟ್ಟಿದಂಗ ಅದ. ನೀ ಹೋಗೂದು ಬ್ಯಾಡ, ಅದೇ ಬರ್ತದ" ಅಂದಳು. ನನಗೆ ಅರ್ಥವಾದದ್ದು ಇಷ್ಟು: ಅನೇಕ ಜಾಲತಾಣಗಳು ಹೊಸದಾಗಿ ಹಾಕಿದ್ದರ ಪಟ್ಟಿಯೊಂದನ್ನು ಇಟ್ಟಿರುತ್ತವೆ. ತಲೆಬರಹ, ದಿನಾಂಕ, ಪೂರ್ತಿ ಓದುವ ಕೊಂಡಿ ಅದರಲ್ಲಿ ಇರುತ್ತವೆ. ಈ ಪಟ್ಟಿಯೇ ಫೀಡ್. ನಮ್ಮ ಮೊಬೈಲಿನ ಫೀಡ್ ರೀಡರ್ ಆಗಾಗ ಹೋಗಿ ಪಟ್ಟಿ ನೋಡಿ, ಹೊಸದಿದ್ದರೆ ತರುತ್ತದೆ. ನಾವು ಆರಿಸಿದ್ದು ಮಾತ್ರ ಬರುತ್ತದೆ. ಬೇಡವಾದರೆ ಅಳಿಸಿದರೆ ಮುಗಿಯಿತು. ನಮ್ಮ ನಂಬರನ್ನು ಯಾರಿಗೂ ಕೊಡಬೇಕಿಲ್ಲ.

ಇದಕ್ಕೆ ಆರ್‌ಎಸ್‌ಎಸ್ ಎಂದೂ ಹೆಸರು. ನೆರೆಯವರು "ಇದು ಸಂಘದ್ದೇನ್ರಿ?" ಎಂದು ಕೇಳಿದರು. ಅಲ್ಲ, 1999ರಲ್ಲಿ ಅಮೆರಿಕದ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ ಪದ್ಧತಿ ಇದು. ಕಿತ್ತಳೆ ಬಣ್ಣದ ಚೌಕದಲ್ಲಿ ಒಂದು ಚುಕ್ಕೆ, ಎರಡು ಬಾಗಿದ ಗೆರೆ ಕಂಡರೆ ಅಲ್ಲಿ ಫೀಡ್ ಇದೆ ಎಂದು ತಿಳಿಯಿರಿ.

ಯಾವ ರೀಡರ್ ಒಳ್ಳೆಯದು?

ಎರಡು ಜಾತಿ ಇವೆ. ಫೀಡ್ಲಿ, ಇನೋರೀಡರ್ ಇಂಥವಕ್ಕೆ ಖಾತೆ ತೆರೆಯಬೇಕು. ಪಟ್ಟಿ ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಮೊಬೈಲ್, ಕಂಪ್ಯೂಟರ್ ಎರಡರಲ್ಲೂ ಓದಬಹುದು. ಹೆಚ್ಚಿನ ಸೌಲಭ್ಯಕ್ಕೆ ದುಡ್ಡು ಕೇಳುತ್ತಾರೆ. ಇನ್ನೊಂದು ಜಾತಿ ನಮ್ಮ ಮೊಬೈಲಿನಲ್ಲೇ ಕೆಲಸ ಮಾಡುವಂಥದ್ದು. ಆಂಡ್ರಾಯ್ಡ್ ಮೊಬೈಲಿಗೆ ‘ಫೀಡರ್’ ಎಂಬುದಿದೆ. ಪುಕ್ಕಟೆ, ಖಾತೆ ಬೇಡ. ಒಂದೇ ಮೊಬೈಲ್ ಇರುವ ನಮ್ಮಂಥವರಿಗೆ ಇದೇ ಸಾಕು. ನಾನು ಬಳಸುವುದೂ ಇದನ್ನೇ.

ಜೋಡಿಸುವ ಬಗೆ

ಆ್ಯಪ್ ಇಳಿಸಿಕೊಂಡು, ಫೀಡ್ ಸೇರಿಸುವ ಜಾಗದಲ್ಲಿ ಜಾಲತಾಣದ ವಿಳಾಸ ಅಂಟಿಸಿ. ಫೀಡ್ ಇದ್ದರೆ ಅದೇ ಹುಡುಕಿ ತೋರಿಸುತ್ತದೆ. ಸಿಗದಿದ್ದರೆ ವಿಳಾಸದ ಕೊನೆಗೆ ಓರೆಗೆರೆ ಹಾಕಿ, ಇಂಗ್ಲಿಷ್ ಅಕ್ಷರದಲ್ಲಿ ‘ಫೀಡ್’ ಎಂದು ಸೇರಿಸಿ ನೋಡಿ; ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಯೂಟ್ಯೂಬ್ ವಾಹಿನಿಗಳಿಗೂ ಫೀಡ್ ಇದೆ. ಕೇಂದ್ರ ಸರಕಾರದ ಪತ್ರಿಕಾ ಪ್ರಕಟಣೆಗಳ ಪಿಐಬಿ, ವಿಪತ್ತು ಸೂಚನೆಯ ‘ಸಚೇತ್’ ತಾಣಗಳೂ ಫೀಡ್ ಕೊಡುತ್ತವೆ. ಸೂಚನೆ ಬಂದಾಗ ಗಂಟೆ ಬಾರಿಸುವಂತೆ ಬೇಕಾದ ಫೀಡಿಗೆ ಮಾತ್ರ ಗುರುತು ಹಾಕಿಕೊಳ್ಳಿ.

ಮೊದಲು ನಾನು ಆಸೆಗೆ ಬಿದ್ದು ಮೂವತ್ತು ಫೀಡ್ ಹಾಕಿದೆ. ಮತ್ತೆ ಅದೇ ಕಸ! ಈಗ ಆರೇ ಇವೆ. ದಟ್ಟ ಬಿತ್ತಿದ ಹೊಲದಂತೆ, ಇದನ್ನೂ ತೆಳುವು ಮಾಡಬೇಕು.

ಬೀಜ ಮನೆಯಲ್ಲಿರಲಿ

2005ರಲ್ಲಿ ಶುರುವಾದ ಗೂಗಲ್ ರೀಡರ್ ಬಹಳ ಮಂದಿ ಬಳಸುತ್ತಿದ್ದ ರೀಡರ್. 2013ರ ಜುಲೈ 1ರಂದು ಕಂಪನಿ ಅದನ್ನು ಮುಚ್ಚಿತು. ಪಟ್ಟಿಯನ್ನು ತೆಗೆದಿಟ್ಟುಕೊಂಡವರು ಬೇರೆ ರೀಡರಿಗೆ ಹೋದರು. ಈ ಪಟ್ಟಿಯ ಕಡತಕ್ಕೆ ಒಪಿಎಂಎಲ್ ಎನ್ನುತ್ತಾರೆ. ಯಾವ ರೀಡರ್ ಆರಿಸಿದರೂ ಒಪಿಎಂಎಲ್ ಹೊರಗೆ ತೆಗೆಯಲು ಬರುತ್ತದೋ ಇಲ್ಲವೋ ನೋಡಿ. ತಿಂಗಳಿಗೊಮ್ಮೆ ತೆಗೆದು ಇಟ್ಟುಕೊಳ್ಳಿ. ಬೀಜ ಅಂಗಡಿಯವರ ಕೈಯಲ್ಲಷ್ಟೇ ಇದ್ದರೆ ಏನಾಗುತ್ತದೆ ಎಂದು ನಮಗೆ ಹೇಳಬೇಕಿಲ್ಲ.

ಎಚ್ಚರಿಕೆ

ಫೀಡ್ ತಕ್ಷಣ ಬರುವಂಥದ್ದಲ್ಲ. ರೀಡರ್ ಹೋಗಿ ನೋಡಿದಾಗಲೇ ಸುದ್ದಿ ಬರುತ್ತದೆ. ಬ್ಯಾಟರಿ ಉಳಿಸುವ ವ್ಯವಸ್ಥೆ ಚಾಲೂ ಇದ್ದರೆ ಇನ್ನೂ ತಡ. ಸಿಡಿಲಿನ ಸೂಚನೆಗೆ ಫೀಡ್ ನಂಬಿ ಕೂರಬೇಡಿ, ಅದಕ್ಕೆ ‘ದಾಮಿನಿ’ ಆ್ಯಪ್ ಬೇರೆಯೇ ಇದೆ. ಎಲ್ಲ ತಾಣಗಳಿಗೂ ಫೀಡ್ ಇರುವುದಿಲ್ಲ. ತೊಗರಿ ಕಾಯಿಕೊರಕಕ್ಕೆ ಏನು ಹೊಡೆಯಬೇಕು ಎಂಬಂಥ ಪ್ರಶ್ನೆಗೆ ಕಿಸಾನ್ ಕಾಲ್ ಸೆಂಟರಿಗೆ (1800-180-1551) ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಕೇಳಬಹುದು. ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕೆ ರೋಗ ಬಿದ್ದ ಗಿಡ ಒಯ್ದು ತೋರಿಸಿದರೆ ಇನ್ನೂ ಒಳ್ಳೆಯದು.

ಏಳನೇ ಇಯತ್ತೆ ಓದಿದ ನನಗೆ ಕಲಿಯಲು ಎರಡು ಸಂಜೆ ಹಿಡಿಯಿತು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಒಂದೇ ಸಂಜೆ ಸಾಕು. ಈ ವರ್ಷದ ಹೆಸರು ಕೀಳುವ ಮೊದಲು ಜೋಡಿಸಿಕೊಳ್ಳಿ.