ಹೊಂಡದ ನೀರು ಆಕಳ ಬಳಿ ಬರಲಿ

ಹೈನುಗಾರ ಸಹೋದರಿಯರೇ,

ಜೋರಾಪುರ ಪೇಟೆ ಬಿಟ್ಟು ತಿಕೋಟಾ, ಬಬಲೇಶ್ವರ ಕಡೆ ಹೊರಟರೆ ಹೊಲಗಳಲ್ಲಿ ಮಣ್ಣಿನ ಒಡ್ಡು ಕಟ್ಟಿದ ಕೃಷಿ ಹೊಂಡಗಳು ಕಾಣುತ್ತವೆ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಇವು ಹೆಚ್ಚಾದವು. ಹೊಂಡ ತೋಡಿಸುವುದು ದ್ರಾಕ್ಷಿಗೆ, ತೊಗರಿಗೆ. ಆದರೆ ಬೇಸಿಗೆಯಲ್ಲಿ ಅದೇ ನೀರನ್ನು ರಾಸುಗಳಿಗೆ ಕುಡಿಸುವವರು ನೀವು.

ಹತ್ತು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳದ ಇಳಿಜಾರು ಬದಿಯ ಹೊಂಡ ತುಂಬಿದರೆ ಸುಮಾರು 1.5 ಲಕ್ಷ ಲೀಟರ್ ನೀರು. ಹಾಲು ಕೊಡುವ ಮಿಶ್ರತಳಿ ಆಕಳು ಬಿರುಬೇಸಿಗೆಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಕುಡಿಯುತ್ತದೆ. ಮೂರು ಆಕಳಿಗೆ ನೂರು ದಿನಕ್ಕೆ 24,000 ಲೀಟರ್ ಸಾಕು. ತುಂಬಿದ ಹೊಂಡದ ಮಟ್ಟ ಬಿಸಿಲಿಗೆ ಒಂದೇ ಸೆಂಟಿಮೀಟರ್ ಇಳಿದರೂ ಸಾವಿರ ಲೀಟರ್ ಹೋಯಿತು, ಅಂದರೆ ಹನ್ನೆರಡು ಆಕಳ ಒಂದು ದಿನದ ನೀರು! ಆಕಳು ಕುಡಿದು ಹೊಂಡ ಬರಿದಾಗುತ್ತದೆ ಎಂಬ ಮನೆಯವರ ಮಾತಿಗೆ ಈ ಲೆಕ್ಕ ಹೇಳಿ.

ಕೆಡುವುದು ರಾಸುಗಳನ್ನು ಹೊಂಡಕ್ಕೆ ಇಳಿಸಿದಾಗ. ಗೊರಸಿಗೆ ಒಡ್ಡಿನ ಅಂಚು ಕುಸಿಯುತ್ತದೆ, ಪ್ಲಾಸ್ಟಿಕ್ ಹಾಳೆ ಹರಿಯುತ್ತದೆ. ಸಗಣಿ, ಗಂಜಲ ನೀರಿಗೆ ಸೇರುತ್ತವೆ. ಕೆಸರು ಹತ್ತಿದ ಕೆಚ್ಚಲಿಗೆ ಬಾವು ಬರುತ್ತದೆ. ಬಸವನಹುಳು ಇರುವ ಅಂಚಿನ ಹುಲ್ಲು ಮೇಯ್ದರೆ ಯಕೃತ್ತಿನ ಹುಳು ಸೇರಬಹುದು. ಭೇದಿ, ದವಡೆ ಕೆಳಗೆ ನೀರು ತುಂಬಿದ ಬಾವು, ಹಾಲಿನ ಇಳಿಕೆ ಅದರ ಗುರುತು. ಆಗ ಸಗಣಿ ಪರೀಕ್ಷೆ ಮಾಡಿಸಿ.

ಪೈಪಿನಿಂದ ತೊಟ್ಟಿಗೆ ನೀರು ತುಂಬಿಸಿ, ನೆರಳಲ್ಲಿ ಕುಡಿಸಿ. ತೊಟ್ಟಿಯನ್ನು ವಾರಕ್ಕೊಮ್ಮೆ ಉಜ್ಜಿ ಸುಣ್ಣ ಬಳಿಯಿರಿ. ಪೈಪಿನ ಬಾಯಿ ತಳದ ಕೆಸರಿಗೆ ತಾಗದಂತೆ ಖಾಲಿ ಕ್ಯಾನಿಗೆ ಕಟ್ಟಿ ತೇಲಿಬಿಡಿ. ನೀರಿನ ಮೇಲೆ ಹಸಿರು ಬಣ್ಣ ಚೆಲ್ಲಿದಂತೆ ಪಾಚಿ ಕಟ್ಟಿದರೆ ಆ ನೀರು ಬೇಡವೇ ಬೇಡ. ಕೆಲವು ಪಾಚಿ ವಿಷ. ಕುಡಿದ ರಾಸು ನಡುಗಿದರೆ, ತೂರಾಡಿದರೆ ಕಾಯಬೇಡಿ, 1962ಕ್ಕೆ ಕರೆ ಮಾಡಿ.

ಒಡ್ಡಿನ ಹೊರಬದಿಯಲ್ಲಿ ಒದ್ದೆ ಕಂಡು, ಅಲ್ಲಿಂದ ಕೆಸರು ನೀರು ಜಿನುಗಿದರೆ ಒಳಗೆ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ. ರಾಸುಗಳನ್ನು ಕೆಳಬದಿಯಿಂದ ಬಿಚ್ಚಿ ದೂರ ಕಟ್ಟಿ, ನೀರಿನ ಮಟ್ಟ ಇಳಿಸಿ. ಒಡ್ಡಿನ ಮೇಲೆ ಜಾಲಿ ಬೆಳೆಯಲು ಬಿಡಬೇಡಿ. ಬೇರು ಒಣಗಿದ ಜಾಗವೇ ನೀರಿಗೆ ದಾರಿ.

ಇನ್ನು ಮಕ್ಕಳ ವಿಷಯ. ಒದ್ದೆ ಪ್ಲಾಸ್ಟಿಕ್ ಮೇಲೆ ಕಾಲು ನಿಲ್ಲುವುದಿಲ್ಲ, ಈಜು ಬಲ್ಲವರೂ ಮೇಲೆ ಹತ್ತಲಾರರು. ಸುತ್ತ ಬೇಲಿ ಹಾಕಿಸಿ, ಬಾಗಿಲಿಗೆ ಕೊಂಡಿ ಇಡಿ. ನಾಲ್ಕೂ ಬದಿಗೆ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ದಪ್ಪ ಹಗ್ಗವನ್ನು ತಳದವರೆಗೆ ಇಳಿಬಿಡಿ. ಹಗ್ಗ ಬಿಸಿಲಿಗೆ ಲಡ್ಡಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ.